ಹಳೇ ಗಾಡಿಯ ಸದ್ದು

ಕಳೆದ ವಾರ ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನ ಹೊರಗೆ ಆ ವಾಸನೆ ಬಂತು. ನೆನೆದ ಗೋಣಿತಟ್ಟು, ಅದರೊಳಗೆ ಮಲ್ಲಿಗೆ ಮೊಗ್ಗು, ಎಲ್ಲದರ ಮೇಲೆ ಡೀಸೆಲ್. ಮೂರೂ ಕೂಡಿದರೆ ಅದು ನನಗೆ ಹೂವಿನ ವಾಸನೆಯಲ್ಲ, ಒಬ್ಬ ಮನುಷ್ಯನ ವಾಸನೆ. ಆಫೀಸಿಗೆ ತಡವಾಗುತ್ತಿದ್ದರೂ ಕಾಲು ಮುಂದಕ್ಕೆ ಹೋಗಲಿಲ್ಲ...

ಹಡಗಲಿ ಹತ್ತಿರದ ನಮ್ಮೂರಿನಲ್ಲಿ ಅವನು ಪಕ್ಕದ ಮನೆಯವನು. ಓಣಿಗೆಲ್ಲ ಗಾಡಿ ಮಾವ. ತೋಟಗಳ ಮಲ್ಲಿಗೆಯನ್ನು ಬೆಳಗ್ಗೆ ತನ್ನ ಪಿಕಪ್ಪಿನಲ್ಲಿ ತುಂಬಿಕೊಂಡು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗೆ ಮುಟ್ಟಿಸಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಿದ್ದ. ನಮ್ಮೂರಿಗೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾನು ಕಾಲೇಜಿಗೆ ಹೋದದ್ದು ಹೆಚ್ಚಾಗಿ ಆ ಗಾಡಿಯ ಮುಂದಿನ ಸೀಟಿನಲ್ಲೇ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ರಜೆಯಲ್ಲಿ ಕೂಲಿಗೆ ಹೋಗಿ ಹೂವು ಬಿಡಿಸಿದ ಕೈಯಲ್ಲೇ ಪರೀಕ್ಷೆ ಬರೆದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮಾವನಿಗಂತೂ ನನಗಿಂತ ಹೆಚ್ಚು ಹೆಮ್ಮೆ. ನನ್ನ ಹೆಸರನ್ನೇ ಬದಲಿಸಿಬಿಟ್ಟಿದ್ದ.

"ಏ ಡಿಗ್ರಿ, ಹತ್ತು ಲಗೂನ. ಹೂವು ಅರಳಿದ್ರ ಸಂತ್ಯಾಗ ಯಾರೂ ಮುಟ್ಟಂಗಿಲ್ಲ, ನೀ ತಡ ಮಾಡಿದ್ರ ನಿಮ್ಮ ಮೇಷ್ಟ್ರು ಒಳಗ ಬಿಡಂಗಿಲ್ಲ."

ಆ ಗಾಡಿಯ ಹಿಂದಿನ ಬಾಗಿಲಿನ ಚಿಲಕ ಎಂದೋ ಮುರಿದಿತ್ತು. ಮಾವ ಅದಕ್ಕೊಂದು ಕಬ್ಬಿಣದ ಸರಪಳಿ ಬಿಗಿದಿದ್ದ. ಊರ ಮುಂದಿನ ಹುಣಸೆಮರದ ಹತ್ತಿರ ಏರು ಬಂದಾಗ ಇಂಜಿನ್ನು ಕೆಮ್ಮುತ್ತಿತ್ತು, ಬಾಗಿಲು ಗಡಗಡ ಎನ್ನುತ್ತಿತ್ತು, ಸರಪಳಿ ಝಲ್ಲೆಂದು ಅದಕ್ಕೆ ಬಡಿಯುತ್ತಿತ್ತು. ಅಂಥ ಸದ್ದು ಸುತ್ತಮುತ್ತಲಿನ ಯಾವ ಗಾಡಿಗೂ ಇರಲಿಲ್ಲ.

ಆ ಸದ್ದಿಗೆ ಕಾಯುತ್ತ ಮನೆಯ ಕಟ್ಟೆಯ ಮೇಲೆ ಕೂತಿರುತ್ತಿದ್ದವಳು ಮಾವನ ಅವ್ವ, ನಮಗೆಲ್ಲ ಅಜ್ಜಿ. ಕಣ್ಣು ಮಂಜಾಗಿದ್ದವು, ವಯಸ್ಸಿನಿಂದ ಸ್ವಲ್ಪ ಅರಳುಮರಳು. ಮಗ ಬರದೆ ರೊಟ್ಟಿ ಮುಟ್ಟುತ್ತಿರಲಿಲ್ಲ. ನಮ್ಮ ಕಿವಿಗೆ ಏನೂ ಬೀಳುವ ಮೊದಲೇ, "ಬಂದ ನೋಡು, ತಾಟು ಹಚ್ರಿ" ಎಂದು ಒಳಗಿನವರಿಗೆ ಕೂಗುತ್ತಿದ್ದಳು. ಮಾವ ಬಂದು ಪಕ್ಕದಲ್ಲಿ ಕೂತರೆ ಅವನ ಬೆನ್ನು ಸವರಿ, ಆಮೇಲೆ ಉಣ್ಣುತ್ತಿದ್ದಳು.

ನನ್ನ ಕೊನೆಯ ವರ್ಷದಲ್ಲಿ ಗಾಡಿ ಕೈಕೊಡತೊಡಗಿತು. ಕೊಟ್ಟೂರಿನ ದಾರಿಯಲ್ಲಿ ಕೆಟ್ಟು ನಿಂತು, ಹೂವೆಲ್ಲ ಗೋಣಿಯಲ್ಲೇ ಅರಳಿ ಹಾಳಾದವು. ಅಡಿಯ ತಗಡು ತುಕ್ಕು ಹಿಡಿದಿದೆ, ಇನ್ನು ರಸ್ತೆಗಿಳಿಸಲು ಎಫ್‌ಸಿ ಆಗುವುದಿಲ್ಲ ಎಂದು ಮೆಕ್ಯಾನಿಕ್ ಹೇಳಿದ. ಮಾವ ನಾಳೆ ನೋಡೋಣ, ನಾಡಿದ್ದು ನೋಡೋಣ ಎಂದು ಬಹಳ ದಿನ ದೂಡಿದ. ಕೊನೆಗೆ ದಾವಣಗೆರೆಯಲ್ಲಿ ಹಳೆಯದನ್ನು ಕೊಟ್ಟು ಹೊಸದನ್ನು ತರಲು ಒಪ್ಪಿದ.

ಕಳಿಸುವ ದಿನ ಅದರ ಮೂತಿಗೆ ಮಲ್ಲಿಗೆ ದಂಡೆ ಕಟ್ಟಿದೆವು. ಓಣಿಯವರೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಮಾವ ಸರಪಳಿಯನ್ನು ಮಾತ್ರ ಬಿಚ್ಚಿ ಇಟ್ಟುಕೊಂಡು, ಬಾಗಿಲಿಗೆ ಹಗ್ಗ ಬಿಗಿದ. ಗಾಡಿ ಶುರುವಾದಾಗ ಅಜ್ಜಿ ಕಟ್ಟೆಯ ಮೇಲಿಂದ ಎಂದಿನಂತೆ, "ಲಗೂನ ಬಾರಪ್ಪ" ಎಂದಳು.

ಸಂಜೆ ಹೊಸ ಗಾಡಿ ಬಂತು. ಬೆಳ್ಳಗೆ, ಮೆತ್ತಗೆ, ಬಂದದ್ದೇ ಗೊತ್ತಾಗದ ಹಾಗೆ. ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಆರತಿ ಬೆಳಗಿದರು. ಅಜ್ಜಿಯನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಅವಳು ಸೀಟು ಸವರಿ ನೋಡಿ, "ಛಲೋ ಐತಿ. ಯಾರ್ದಪ್ಪ ಇದು?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮರುದಿನ ಮಧ್ಯಾಹ್ನ ಮಾವ ಹೊಸ ಗಾಡಿಯಲ್ಲಿ ಬಂದು ಎಂದಿನಂತೆ ಅವ್ವನ ಪಕ್ಕ ಕೂತ. ಅಜ್ಜಿ ತಾಟು ದೂಡಿದಳು.

"ಯವ್ವಾ, ನಾ ಬಂದೀನಿ, ಉಣ್ಣು."

"ಗಾಡಿ ಬಂದಿಲ್ಲಲ್ಲಪ್ಪ. ನನ್ನ ಮಗ ಬರ್ಲಿ. ನೀ ಉಣ್ಣು, ನಿನಗ ಹಸುವಾಗೈತಿ."

ಮಾವ ಅವಳ ಕೈಯನ್ನು ತನ್ನ ಮುಖದ ಮೇಲೆ ಇಟ್ಟುಕೊಂಡ. ಅಜ್ಜಿ ನಾಚಿದವಳಂತೆ ಕೈ ಹಿಂದಕ್ಕೆ ಎಳೆದುಕೊಂಡಳು. ಅವಳಿಗೆ ಮಗನ ಮುಖ, ದನಿ ಎಲ್ಲ ಮರೆತು ಎಷ್ಟು ಕಾಲವಾಗಿತ್ತೋ... ಆ ಸದ್ದು ಇದ್ದುದರಿಂದ ನಮಗೆ ಯಾರಿಗೂ ತಿಳಿದಿರಲಿಲ್ಲ. ಸದ್ದಿನ ಹಿಂದೆ ಬಂದು ಕೂತವನು ಮಗ, ಅಷ್ಟೇ ಅವಳ ಲೆಕ್ಕ.

ಮಾವ ಆ ಸರಪಳಿಯನ್ನು ಹೊಸ ಗಾಡಿಯ ಹಿಂದೆ ಬಿಗಿದ. ಓಣಿಯವರಿಗೆ ತಮಾಷೆ. "ಹೊಸಾ ಗಾಡಿ ಓಡಿ ಹೋಗ್ತೈತಂತ ಕಟ್ಟಿ ಹಾಕಿಯೇನೋ?" ಎಂದು ಕೆಣಕಿದರು. ಮೊದಲ ಸಲ ಸರಪಳಿ ಝಲ್ಲೆಂದಾಗ ಅಜ್ಜಿ ತಲೆ ಎತ್ತಿದಳು. ಕಿವಿಗೊಟ್ಟು ಕೇಳಿದಳು. ಮಾವ ಗಾಡಿಯೊಳಗೇ ಉಸಿರು ಹಿಡಿದು ಕೂತಿದ್ದ. ಅಜ್ಜಿ ತಲೆಯಾಡಿಸಿ, "ಅಲ್ಲ, ಬ್ಯಾರೆ ಯಾರೋ" ಎಂದಳು.

ಆಗ ಮಾವ ನನ್ನ ಹತ್ತಿರ ಬಂದ. "ಏ ಡಿಗ್ರಿ, ನೀ ಓದಿದಾಕಿ. ಏನಾರ ಹೇಳು." ಓಣಿಯ ಎಲ್ಲರ ಮೊಬೈಲ್ ಹುಡುಕಿದೆ. ಎಲ್ಲದರಲ್ಲೂ ಗಾಡಿಯ ಫೋಟೋ. ಅದರ ಸದ್ದನ್ನು ಯಾರೂ ಹಿಡಿದಿಟ್ಟಿರಲಿಲ್ಲ. ಇಬ್ಬರೂ ಬಸ್ಸಿನಲ್ಲಿ ದಾವಣಗೆರೆಗೆ ಹೋದೆವು. ವಿಚಾರಿಸುತ್ತ ವಿಚಾರಿಸುತ್ತ ಗುಜರಿ ಅಂಗಡಿಯ ತನಕ ಹೋದೆವು. ಅಲ್ಲಿಯವರು ಪಾಪ ಕುರ್ಚಿ ಕೊಟ್ಟು, ಚಹಾ ತರಿಸಿ, ಗಾಡಿ ಬಿಚ್ಚಿ ಆಗಿದೆ ಎಂದರು. ಮಾವ ಚಹಾ ಕುಡಿಯಲಿಲ್ಲ. ಬರುವ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ.

ಅಜ್ಜಿ ಸೊರಗತೊಡಗಿದಳು. ಡಾಕ್ಟರು ಟಾನಿಕ್ ಬರೆದುಕೊಟ್ಟರು. ಆಮೇಲೆ ಒಂದು ಮಧ್ಯಾಹ್ನ ನಾನು ಅವರ ಮನೆಗೆ ಹೋದಾಗ ಮಾವ ಅವ್ವನ ಮುಂದೆ ಕೂತು ರೊಟ್ಟಿಯನ್ನು ಸಾರಿನಲ್ಲಿ ನೆನೆಸುತ್ತಿದ್ದ.

"ನಿನ್ನ ಮಗ ದಾರ್ಯಾಗ ಅದಾನಬೇ. ತಡ ಆಗ್ತೈತಿ, ಅವ್ವಗ ಉಣ್ಣಿಸು ಅಂತ ನನ್ನ ಕಳಿಸ್ಯಾನ."

ಅಜ್ಜಿ ಯೋಚನೆ ಮಾಡಿ ಬಾಯಿ ತೆರೆದಳು. ಒಂದೆರಡು ತುತ್ತು ನುಂಗಿ ಕೇಳಿದಳು:

"ಹೌದಪ್ಪ, ನೀ ಯಾರ ಮಗ? ನಿಮ್ಮವ್ವ ಪುಣ್ಯ ಮಾಡ್ಯಾಳ ನೋಡು."

ಮಾವ ಇನ್ನೊಂದು ತುತ್ತು ಕಲಸಿದ.

ಆ ಬೇಸಿಗೆ ಮುಗಿಯುವ ಮೊದಲೇ ಅಜ್ಜಿ ಹೋದಳು. ಕೊನೆಯವರೆಗೂ ಅವನು ಅವಳಿಗೆ ಮಗ ಕಳಿಸಿದ ಯಾರೋ ಒಬ್ಬ. ನನ್ನ ಡಿಗ್ರಿ ಮುಗಿಯಿತು, ಕೆಲಸ ಸಿಕ್ಕಿತು. ಮಾವ ಹೊಸ ಗಾಡಿಯಲ್ಲಿ ಬಹಳ ವರ್ಷ ಹೂವು ಸಾಗಿಸಿ, ಹೋದ ವರ್ಷ ತಾನೂ ತೀರಿಕೊಂಡ. ಗಾಡಿಯನ್ನು ತಂಬ್ರಹಳ್ಳಿ ಕಡೆಯವರು ಯಾರೋ ಕೊಂಡರೆಂದು ಕೇಳಿದ್ದೆ.

ಬಸ್ ಸ್ಟ್ಯಾಂಡಿನ ಹೊರಗೆ ಅಂದು ನಿಂತಿದ್ದದ್ದು ಅದೇ ಗಾಡಿ. ಬಿಳಿ ಬಣ್ಣ ಮಾಸಿತ್ತು. ಹಿಂದಿನ ಬಾಗಿಲಿಗೆ ಆ ಸರಪಳಿ ಇನ್ನೂ ಇತ್ತು. ಯಾಕೆ ಕಟ್ಟಿದ್ದೀರಿ ಎಂದು ಡ್ರೈವರನ್ನು ಕೇಳಿದೆ.

"ಮೊದ್ಲಿಂದ ಐತ್ರಿ ಅಕ್ಕಾರ. ಈಗ ಚಿಲಕ ಮುರದೈತಿ, ಅದಕ ಉಪಯೋಗ ಆತು."

ಹೂವು ಇಳಿಸಿ ಅವನು ಗಾಡಿ ಹೊರಡಿಸಿದ. ರಸ್ತೆಯ ಏರಿನಲ್ಲಿ ಇಂಜಿನ್ನು ಕೆಮ್ಮಿತು, ಬಾಗಿಲು ಗಡಗಡ ಎಂದಿತು, ಸರಪಳಿ ಝಲ್ಲೆಂದು ಬಡಿಯಿತು. ಅದೇ ಸದ್ದು... ಸ್ವಲ್ಪವೂ ವ್ಯತ್ಯಾಸವಿಲ್ಲ. ಕೈಯಲ್ಲಿ ಮೊಬೈಲ್ ಇತ್ತು. ಹಿಡಿದಿಟ್ಟುಕೊಂಡು ಈಗ ಯಾರಿಗೆ ಕೇಳಿಸಲಿ?