ತುಳಸಿಗೆ ಎರೆದ ನೀರು

ಕಾರ್ಕಳದ ಬಂಡೆಗಳ ನಡುವೆ ಬೆಳೆದ ನಾನು ಮದುವೆಯಾಗಿ ಕಾಪುವಿನ ಕಡಲ ಬದಿಗೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಗಂಡನ ಮನೆಗೂ ಕಡಲಿಗೂ ನಡುವೆ ಹೊಯಿಗೆಯ, ಅಂದರೆ ಮರಳಿನ, ದಿಣ್ಣೆಯೊಂದಿತ್ತು. ಅದರ ತುಂಬ ಕೇದಗೆ ಪೊದೆ. ಅಂಗಳಕ್ಕೆ ಕಡಲು ಕೇಳಿಸುತ್ತಿತ್ತು, ಕಾಣಿಸುತ್ತಿರಲಿಲ್ಲ.

ನಾನು ಬಂದ ಬೇಸಿಗೆಯಲ್ಲೇ ಮಾವ ಕೇದಗೆ ಕಡಿಸಿ ಎತ್ತಿನ ಗಾಡಿಗಳಿಗೆ ದಾರಿ ಮಾಡಿಕೊಟ್ಟರು. ಉಡುಪಿ, ಮಣಿಪಾಲದ ಗುಡ್ಡ ಎಂದು ಎಲ್ಲೆಲ್ಲೂ ಕಟ್ಟಡ ಏಳುತ್ತಿದ್ದ ಕಾಲ. ಅಡಿಪಾಯ ತುಂಬಿಸಲು ಹೊಯಿಗೆ ಬೇಕಿತ್ತು, ಗಾಡಿಗಳು ದಿಣ್ಣೆಯಿಂದ ಹೊತ್ತೊಯ್ದವು. "ದಿಣ್ಣೆಯೇ ಮುಗಿಯುತ್ತದಲ್ಲ ಅಪ್ಪ?" ಎಂದು ನನ್ನ ಗಂಡ ಕೇಳಿದರೆ ಮಾವ ನಕ್ಕರು.

"ಕಡಲಿಗೆ ಹೊಯಿಗೆಯ ಬರಗಾಲವಾ ಮಾರಾಯ? ನಾಳೆ ಅದೇ ತಂದು ಹಾಕ್ತದೆ."

ತಂದು ಹಾಕಲಿಲ್ಲ. ಆಟಿ ತಿಂಗಳ ಮಳೆಯಲ್ಲಿ ಒಂದು ಬೆಳಿಗ್ಗೆ ಬಾಗಿಲು ತೆರೆದರೆ ದಿಣ್ಣೆ ಇದ್ದಲ್ಲಿ ನೀರು! ಕಡಲ ಬದಿಯ ತೆಂಗಿನ ಮರಗಳು ಬೇರು ಮೇಲಾಗಿ ಮಲಗಿದ್ದವು. ನೊರೆ ದನದ ಹಟ್ಟಿಯ ಗೋಡೆಯವರೆಗೆ ಬಂದಿತ್ತು. ಆದರೂ ದನ ಉಳಿಯಿತು, ಮನೆಯ ಮಾಡು ಉಳಿಯಿತು. ದೇವರು ಇಷ್ಟಕ್ಕೇ ಬಿಟ್ಟನಲ್ಲ ಎಂದು ದೀಪಕ್ಕೆ ಒಂದು ಬತ್ತಿ ಹೆಚ್ಚು ಹಾಕಿದೆವು.

ಮಳೆಗಾಲ ಮುಗಿದು ಶಿವರಾತ್ರಿ ಹತ್ತಿರವಾಗುವಾಗ ನನ್ನ ಗ್ರಹಚಾರ ಶುರುವಾಯಿತು.

"ಗಂಜಿಗೆ ಎಷ್ಟು ಉಪ್ಪು ಹಾಕುವುದು ಮಾರಾಯ್ತಿ?" ಎಂದರು ಅತ್ತೆ.

ಮರುದಿನ ಕಡಿಮೆ ಹಾಕಿದೆ. ಮತ್ತೂ ಹೆಚ್ಚೇ ಎಂದರು. ನಾದಿನಿಗೆ ತಮಾಷೆ. "ಕಾರ್ಕಳದಲ್ಲಿ ಕಡಲಿಲ್ಲ ಅಲ್ವಾ, ಅತ್ತಿಗೆಗೆ ಉಪ್ಪು ಕಂಡರೆ ಆಸೆ!" ನಾನೂ ನಕ್ಕೆ. ಒಳಗೊಳಗೆ ನನ್ನ ಕೈಯ ಮೇಲೆ ನನಗೇ ಸಂಶಯ ಬಂದಿತ್ತು.

ಅಷ್ಟರಲ್ಲಿ ಅಂಗಳದ ಕಟ್ಟೆಯ ತುಳಸಿ ಬಾಡತೊಡಗಿತು. ಎಲೆಯ ಅಂಚು ಬೆಂಕಿ ತಾಗಿದಂತೆ ಕಂದಾಯಿತು. ಅತ್ತೆ ದಿನಾ ಮಿಂದು, ಬಾವಿಯಿಂದ ಸೇದಿದ ಮೊದಲ ಕೊಡ ಕಟ್ಟೆಗೆ ಎರೆದು, ಸುತ್ತು ಬರುವವರು. ಒಂದು ಕೊಡ ಇದ್ದದ್ದು ಮೂರಾಯಿತು. ಎರೆದಷ್ಟೂ ಗಿಡ ಸಾಯುತ್ತಿತ್ತು. ಹೊಸ ಸೊಸೆ ಬಂದ ವರ್ಷವೇ ತುಳಸಿ ಒಣಗುವುದು ಎಂದರೆ ಆಗ ಸಣ್ಣ ಮಾತಲ್ಲ.

"ನಿನ್ನ ಅಪ್ಪನಿಗೆ ಹೇಳಿ ಕಳಿಸುವ. ಸ್ವಲ್ಪ ಸಮಯ ತವರಿನಲ್ಲಿ ಇದ್ದು ಬಾ," ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದೇ ಅದು. ಹಾಗೆ ಹೋಗಿ ಮರಳಿ ಬಾರದವರನ್ನು ನಮ್ಮ ಊರಿನಲ್ಲೇ ಕಂಡಿದ್ದೆ.

ಮರುದಿನ ನಾನು ಮುಟ್ಟಾದೆ. ಆಗಿನ ಕ್ರಮದಂತೆ ಮೂರು ದಿನ ಹೊರಜಗಲಿಯ ಮೂಲೆ. ಅಡುಗೆಮನೆ, ಬಾವಿಕಟ್ಟೆ, ತುಳಸಿ ಯಾವುದನ್ನೂ ಮುಟ್ಟುವಂತಿಲ್ಲ. ಅತ್ತೆಯೇ ಗಂಜಿ ಬೇಯಿಸಿದರು. ಒಳಗಿನ ಮಾತು ನನಗೆ ಕೇಳುತ್ತಿತ್ತು.

"ಇವತ್ತು ಉಪ್ಪು ಮುಟ್ಟಲೇ ಇಲ್ಲ ನಾನು. ಬೇಕಾದವರು ಮೇಲಿಂದ ಹಾಕಿಕೊಳ್ಳಿ."

ಮಾವ ಒಂದು ತುತ್ತು ಉಂಡರು.

"ಮತ್ತೆ ಇದು ಎಂತ ಉಪ್ಪು?"

ಅತ್ತೆ ಹೊರಗೆ ಬಂದರು. ನನ್ನತ್ತ ನೋಡದೆ ನೇರ ಬಾವಿಗೆ ಹೋಗಿ, ಸೇದಿ, ಬೊಗಸೆಯಲ್ಲಿ ಕುಡಿದರು. ಕುಡಿದದ್ದನ್ನು ಉಗುಳಿದರು. ಬಾವಿಕಟ್ಟೆಯಲ್ಲಿ ಎಂದೂ ಉಗುಳದ ಹೆಂಗಸು.

ನಮ್ಮಲ್ಲಿ ಬರೀ ನೀರು ಕುಡಿಯುವ ಅಭ್ಯಾಸ ಕಡಿಮೆ. ಗಂಜಿಯ ತಿಳಿ, ಇಲ್ಲವೇ ಉಪ್ಪು ಹಾಕಿದ ಮಜ್ಜಿಗೆ ನೀರು. ರುಚಿ ದಿನಕ್ಕೆ ಕೂದಲೆಳೆಯಷ್ಟು ಬದಲಾದದ್ದು ಯಾರ ನಾಲಿಗೆಗೂ ತಿಳಿದಿರಲಿಲ್ಲ.

"ನಾನೇ ಉಪ್ಪು ಎರೆದೆನಲ್ಲ ದೇವರೇ, ಇಷ್ಟು ದಿನ ನನ್ನ ಕೈಯಿಂದಲೇ," ಎಂದು ಅತ್ತೆ ತುಳಸಿಕಟ್ಟೆ ಹಿಡಿದು ಕುಳಿತರು. ಮಾವನೂ ರುಚಿ ನೋಡಿದರು. ಬಾವಿಗೆ ಬಗ್ಗಿದರು, ಎದ್ದು ಕಡಲು ನೋಡಿದರು, ಮತ್ತೆ ಬಗ್ಗಿದರು. ಮೇಲಿನಿಂದ ಬಂದ ಕಡಲನ್ನು ನಾವು ಕಂಡಿದ್ದೆವು. ಅದು ನೆಲದಡಿಯಿಂದಲೂ ಬರುತ್ತದೆಂದು ಯಾರು ನೆನೆಸಿದ್ದರು?

ಈಗ ಭೂಮಿ ಕಾಯುತ್ತಿದೆ, ಕಡಲು ಏರುತ್ತಿದೆ ಎಂದು ಟಿ.ವಿ.ಯಲ್ಲಿ ಹೇಳುವಾಗ ಮೊಮ್ಮಕ್ಕಳು ಬೆರಗಾಗುತ್ತಾರೆ. ಅದರ ಲೆಕ್ಕಾಚಾರ ನನಗೆ ತಿಳಿಯದು. ಅಂದು ನಮ್ಮ ಅಂಗಳಕ್ಕೆ ಕಡಲು ಬಂದದ್ದು ಮಾತ್ರ ನಾವೇ ಕಡಿದುಕೊಟ್ಟ ದಾರಿಯಲ್ಲಿ. ಮುಂದಿನ ಮಳೆಗಾಲದಲ್ಲಿ ಬಾವಿ ಸ್ವಲ್ಪ ಸಿಹಿಯಾಗಿ ಆಸೆ ಹುಟ್ಟಿಸಿತು. ಬೇಸಿಗೆಗೆ ಮತ್ತೆ ಉಪ್ಪು. ಹಿರಿಯರು ತೋಡಿಸಿದ ಬಾವಿ ಪಾತ್ರೆ ತೊಳೆಯಲು ಮಾತ್ರ ಉಳಿಯಿತು.

ಮುಟ್ಟಾದ ದಿನಗಳಿಗೆ ಯಾರಾದರೂ ಕೈಮುಗಿಯುತ್ತಾರಾ? ನಾನು ಮುಗಿದಿದ್ದೇನೆ. ಆ ವಾರ ನಾನು ಒಲೆಯ ಮುಂದೆಯೇ ಇದ್ದಿದ್ದರೆ, ಅಪ್ಪ ಬಂದು ನನ್ನನ್ನು ಕರೆದುಕೊಂಡು ಹೋಗಿಯಾಗುತ್ತಿತ್ತು.

ನಾಲ್ಕನೆಯ ದಿನ ಮಿಂದು ಒಳಗೆ ಬಂದೆ. ತಪ್ಪಾಯಿತು ಎಂಬ ಮಾತು ಅತ್ತೆಯ ಬಾಯಿಂದ ಬರಲಿಲ್ಲ, ತವರಿನ ಮಾತೂ ಬರಲಿಲ್ಲ. ಒಂದು ಕೊಡ ನನ್ನ ಕೈಗಿಟ್ಟು, ಇನ್ನೊಂದನ್ನು ತಾವೇ ಸೊಂಟಕ್ಕೇರಿಸಿದರು.

"ಗದ್ದೆಯಾಚೆ ಕಿರಿಸ್ತಾನರ ಬಾಯಮ್ಮನ ಬಾವಿ ಉಂಟು. ಕೇಳಿದ್ದೇನೆ, ಕೊಡ್ತಾರಂತೆ. ನಡೆ."

ಗದ್ದೆಯ ಅಂಚಿಗೆ ಹತ್ತಿ ಅತ್ತೆ ಹಿಂತಿರುಗಿ ನೋಡಿದರು. ಹಟ್ಟಿಯ ಹಿಂದೆಯೇ, ಏನೂ ಅಡ್ಡವಿಲ್ಲದೆ, ಕಡಲು ಹೊಳೆಯುತ್ತಿತ್ತು. ಹುಟ್ಟಿದಂದಿನಿಂದ ಅದರ ಪಕ್ಕದಲ್ಲೇ ಬದುಕಿದವರು, ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಇದು ಇಷ್ಟು ಹತ್ತಿರ ಇತ್ತಾ, ಮಗಾ?"