ಒಂದು ಮಗ್ಗುಲಿಗೆ ಐದು ಕೀರ್ತನೆ

ನಾನು ಹೇಳುತ್ತಿರುವ ಕಾಲಕ್ಕೆ ಸಾರನಾಥದಲ್ಲಿ ಇನ್ನೂ ಹೊಲಗಳ ವಾಸನೆ ಉಳಿದಿತ್ತು. ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ನನಗೆ ಒಂಬತ್ತು ವರ್ಷ. ಬೌದ್ಧ ಮಠವೊಂದರ ಹಿಂದಿನ ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಮಾಳಿಗೆ ಹತ್ತಿದರೆ ಮೂರು ಕಡೆಗೂ ಸಾಸಿವೆ ಹೂವು. ಆ ಕ್ರಿಸ್‌ಮಸ್ಸಿಗೆ ಮನೆಯಲ್ಲಿದ್ದವರು ನಾಲ್ಕೇ ಮಂದಿ: ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಪರೀಕ್ಷೆ ಮಾಡುತ್ತಿದ್ದ ಅಪ್ಪ, ಮೈಸೂರಿನ ಕಡೆಯ ಅಮ್ಮ, ನಾನು, ಮತ್ತು ಬೆಟಗೇರಿಯಿಂದ ಅಪ್ಪ ರೈಲಿನಲ್ಲಿ ಕರೆತಂದಿದ್ದ ಅಜ್ಜ. ಅಜ್ಜಿ ಆ ಮಳೆಗಾಲದಲ್ಲೇ ತೀರಿಕೊಂಡಿದ್ದರು.

ಅಜ್ಜ ಮಿಶನ್ ಶಾಲೆಯ ಮಾಸ್ತರರಾಗಿದ್ದವರು. ಬೀದಿಯಲ್ಲಿ ನಾನು ಪೂರಾ ಹಿಂದಿಯ ಹುಡುಗಿ. ನನಗೆ ಕನ್ನಡ ಬಂದದ್ದು ಬೇಸಿಗೆ ರಜೆಗಳಲ್ಲಿ ಅವರ ಬಾಯಿಂದ, ಅದೂ ಅರ್ಧ ಮಾತಾಗಿ, ಅರ್ಧ ಹಾಡಾಗಿ. ಹಲ್ಲು ಉಜ್ಜುವಾಗ, ಬೂಟಿಗೆ ಪಾಲಿಶ್ ಹಾಕುವಾಗ, ಯಾವಾಗಲೂ ಅವರ ಗಂಟಲಲ್ಲಿ ಚರ್ಚಿನ ಒಂದು ಕೀರ್ತನೆ ಇರುತ್ತಿತ್ತು. ಈ ಸಲ ಬಂದ ಅಜ್ಜ ಹಾಡಲಿಲ್ಲ. ಉಣ್ಣುತ್ತಲೂ ಇರಲಿಲ್ಲ. ಎರಡು ಚಮಚ ಹಾಲನ್ನ ತಿಂದು, ಸಾಕವ್ವಾ ಎಂದು ತಾಟು ಸರಿಸಿ, ಮಾಳಿಗೆಯ ಬಿಸಿಲಿಗೆ ಹೋಗಿ ಶಾಲು ಹೊದ್ದು ಕೂತುಬಿಡುತ್ತಿದ್ದರು. ಹೀಗೇ ಆದರೆ ಹೋಳಿಯವರೆಗೆ ಇವರು ಉಳಿಯುವುದಿಲ್ಲ ಎಂದು ಅಪ್ಪ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತ್ತು. ಅಂದಿನಿಂದ ನಾನು ಅವರ ತಾಟನ್ನೇ ಕಾಯುತ್ತಿದ್ದೆ.

ಅಮ್ಮ ಒಂದು ಉಪಾಯ ಮಾಡಿದರು. ಅಜ್ಜಿ ಪ್ರತಿ ಕ್ರಿಸ್‌ಮಸ್ಸಿಗೆ ಮಾಡುತ್ತಿದ್ದ ಇಡೀ ತುಂಡಿನ ರೋಸ್ಟ್ ಅಜ್ಜನಿಗೆ ಪ್ರಾಣ. ಅದನ್ನು ಹೇಗೆ ಮಾಡುವುದೆಂದು ಅಜ್ಜಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟಿದ್ದರು. ಅಪ್ಪ ಸ್ಕೂಟರ್ ಹತ್ತಿ ಹಳೇ ಪೇಟೆಗೆ ಹೋದರು. ಅಲ್ಲಿ ಸಿಗುತ್ತಿದ್ದುದು ಕೋಣದ ಮಾಂಸ, ಊರವರ ಬಾಯಲ್ಲಿ 'ಬಡೇ ಕಾ'. ನಮ್ಮ ಮನೆಯಲ್ಲಿ ಅದೇ ಬೀಫ್. ಹಲ್ಲು ಸಡಿಲಾದ ಮುದುಕರಿಗೆ ಎಂದು ತಿಳಿದ ಕಸಾಯಿ, ಎಳೆಯ ಕೋಣದ ತೊಡೆಯ ಮೇಲ್ಭಾಗವನ್ನೇ ಆರಿಸಿ, ಎರಡು ಪದರ ಕಾಗದದಲ್ಲಿ ಸುತ್ತಿ ಕೊಟ್ಟನಂತೆ.

ಅಮ್ಮ ಅದಕ್ಕೆ ಉಪ್ಪು, ಕರಿಮೆಣಸು, ಶುಂಠಿ, ಬೆಳ್ಳುಳ್ಳಿ, ಲವಂಗ, ಹುಳಿಗೆ ಸಿರ್ಕಾ ಎಲ್ಲ ತಿಕ್ಕಿ ರಾತ್ರಿಯಿಡೀ ನೆನೆಸಿಟ್ಟರು. ಕ್ರಿಸ್‌ಮಸ್ಸಿನ ಬೆಳಿಗ್ಗೆ ದಾರದಿಂದ ಬಿಗಿದು ಕಟ್ಟಿ, ಮಾಳಿಗೆಯ ಮೇಲೆ ಇದ್ದಿಲಿನ ಅಂಗೀಠಿ ಹೊತ್ತಿಸಿ, ದಪ್ಪ ತಳದ ಪಾತ್ರೆಯಲ್ಲಿಟ್ಟು, ಮುಚ್ಚಳದ ಮೇಲೂ ನಾಲ್ಕು ಕೆಂಡ ಇಟ್ಟರು. ಪುಸ್ತಕದಲ್ಲಿ ಗಂಟೆ ನಿಮಿಷದ ಲೆಕ್ಕ ಇರಲಿಲ್ಲ. ಅಜ್ಜಿಯ ಅಡುಗೆಮನೆಯಲ್ಲಿ ಗಡಿಯಾರವೇ ಇರಲಿಲ್ಲವಲ್ಲ! 'ಒಂದು ಮಗ್ಗುಲಿಗೆ ಐದು ಕೀರ್ತನೆ, ನಾಲ್ಕು ಮಗ್ಗುಲೂ ತಿರುವುವುದು' ಎಂದಷ್ಟೇ ಬರೆದಿದ್ದರು. ಅಮ್ಮ ಹಾಡುತ್ತ, ತಿರುವುತ್ತ, ಮಧ್ಯೆ ನನ್ನ ಜಡೆಯನ್ನೂ ಹಾಕಿ, ಒಂದು ಗಂಟೆಯೊಳಗೆ ಮುಗಿಸಿಬಿಟ್ಟರು. ಮೇಲೆ ಒಳ್ಳೇ ಜೇನಿನ ಬಣ್ಣ ಬಂದಿತ್ತು.

ಊಟಕ್ಕೆ ಕೂತಾಗ ಅಮ್ಮ ಮೊದಲ ತುಂಡನ್ನು ಅಜ್ಜನಿಗೆ ಹಾಕಿದರು. ಅಜ್ಜ ಬಾಯಲ್ಲಿಟ್ಟು ಬಹಳ ಹೊತ್ತು ಅಗಿದರು. ಆಮೇಲೆ ಯಾರಿಗೂ ಕಾಣಬಾರದೆಂದು ಅಂಗೈ ಮರೆಮಾಡಿ ತಾಟಿನಂಚಿಗೆ ತೆಗೆದಿಟ್ಟರು. ಅಪ್ಪನ ಚಾಕು ಒಳಕ್ಕೆ ಇಳಿಯಲಿಲ್ಲ. ಅಮ್ಮನ ಕಣ್ಣಲ್ಲಿ ನೀರು ನಿಂತಿತ್ತು.

ಅಜ್ಜ ಅದನ್ನು ನೋಡಿರಬೇಕು. "ಎಷ್ಟೊತ್ತ ಇಟ್ಟಿದ್ದೆವ್ವಾ ಇದನ್ನ?" ಎಂದರು.

"ಅತ್ತೆ ಬರೆದಿದ್ದ ಹಾಗೇ ಮಾವ. ಒಂದ್ ಮಗ್ಗುಲಿಗೆ ಐದು ಕೀರ್ತನೆ."

"ಒಂದ ಹಾಡು ನೋಡೂಣು."

ಅಮ್ಮ ಕಣ್ಣೊರೆಸಿಕೊಂಡು ಹಾಡಿದರು. ಮೈಸೂರಿನ ತಮ್ಮ ಚರ್ಚಿನಲ್ಲಿ ಕಲಿತ ಧಾಟಿ, ಚುರುಕಾಗಿ, ಎರಡೇ ಚರಣ. ನೀರು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮುಗಿದೇಹೋಯಿತು.

"ಉಳಿದ ಚರಣ?"

"ನಮ್ಮಲ್ಲಿ ಎರಡೇ ಹಾಡೋದು ಮಾವ."

ಅಜ್ಜನ ಭುಜ ಅಲ್ಲಾಡಿತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. "ಇದು ಬಸ್ಸ ಹಿಡಿಯೂ ಹಾಡ ಆತಲ್ಲವ್ವಾ. ನಿಮ್ಮ ಅತ್ತಿ ಏಳೂ ಚರಣ ಹಾಡ್ತಿದ್ಲು, ಅದೂ ಎಮ್ಮಿ ನೀರಿಗೆ ಇಳದಂಗ. ಒಂದ ಕೀರ್ತನಿ ಮುಗಿಯೂದ್ರಾಗ ನಾ ಪ್ಯಾಟಿಗೆ ಹೋಗಿ ಬರತಿದ್ದೆ."

ಅಪ್ಪನೂ ನಕ್ಕರು. ಅಮ್ಮ ನಗಲಿಲ್ಲ. ದಾರ ಕಟ್ಟಿದ್ದ ದೊಡ್ಡ ತುಂಡನ್ನೂ ಯಾರೂ ಬಾಯಿ ಹಾಕದ ಹೋಳುಗಳನ್ನೂ ಮತ್ತೆ ಪಾತ್ರೆಗೆ ಹಾಕಿ, ಒಂದು ಲೋಟ ಬಿಸಿನೀರು ಹೊಯ್ದು, ಅಜ್ಜನ ಮುಂದೆ ಬಂದು ನಿಂತರು. "ಹಾಗಾದ್ರೆ ನೀವೇ ಹಾಡಿ ಮಾವ."

ಅಜ್ಜನ ನಗು ನಿಂತಿತು. "ಈಗ ನನಗ ಆಗೂದಿಲ್ಲವ್ವಾ."

"ನನಗೆ ಆ ಧಾಟಿ ಬರಲ್ಲ. ನೀವು ಹಾಡದಿದ್ರೆ ಇದು ಬೇಯಲ್ಲ."

ಅಷ್ಟು ಹೇಳಿ ಅಮ್ಮ ಪಾತ್ರೆ ಎತ್ತಿಕೊಂಡು ಮಾಳಿಗೆಗೆ ಹೋದರು. ಅಜ್ಜ ಕೈ ತೊಳೆಯದೆ ಹಾಗೇ ಕೂತಿದ್ದರು. ನಾನು ಏನೂ ತೋಚದೆ ಅವರ ಶಾಲನ್ನು ತಂದು ತೊಡೆಯ ಮೇಲಿಟ್ಟೆ. ಕೊನೆಗೆ ಅಜ್ಜ ಎದ್ದು, ನನ್ನ ಹೆಗಲು ಹಿಡಿದು ಮೆಟ್ಟಿಲು ಹತ್ತಿದರು.

ಮೊದಲ ಸಾಲು ಸ್ವರವೇ ಇಲ್ಲದೆ ಬಂತು, ಬರೀ ಉಸಿರು. ಎರಡನೆಯ ಸಾಲಿನಲ್ಲಿ ಎಲ್ಲೋ ಸಿಕ್ಕಿಕೊಂಡಿತು. ಅಮ್ಮ ಬೆನ್ನು ತಿರುಗಿಸಿಕೊಂಡೇ ಕೆಂಡ ಸರಿಪಡಿಸುತ್ತಿದ್ದರು. ಅಜ್ಜ ಕೆಮ್ಮಿ, ಮತ್ತೆ ಮೊದಲಿನಿಂದ ಎತ್ತಿಕೊಂಡರು.

ಆ ಮಧ್ಯಾಹ್ನದ್ದು ನನಗೆ ನೆನಪೋ ಕನಸೋ ತಿಳಿಯದು. ಮಂಜು ಕರಗಿ, ಹಾಲಿನಂಥ ಬಿಸಿಲು ಬಿದ್ದಿತ್ತು. ನಾನು ಅಜ್ಜನ ಶಾಲಿನ ತುದಿಯೊಳಗೆ ತಲೆಯಿಟ್ಟು ಮಲಗಿದ್ದೆ. ಒಂದೊಂದು ಅಕ್ಷರವನ್ನೂ ಅವರು ಎಷ್ಟು ಎಳೆಯುತ್ತಿದ್ದರೆಂದರೆ, ಪದದ ಹಿಂದಿನ ತುದಿ ಕಾಣುವ ಹೊತ್ತಿಗೆ ಮುಂದಿನ ತುದಿ ಸಾಸಿವೆ ಹೊಲ ದಾಟಿ ಹೋಗಿರುತ್ತಿತ್ತು. ಮಠದ ಕಡೆಯಿಂದ ಉದ್ದನೆಯ ಕಹಳೆ ಊದಿದರು. ಅದೂ ಅಜ್ಜನ ಹಾಡಿನೊಳಗೇ ಸೇರಿಕೊಂಡ ಹಾಗಿತ್ತು. ನಿದ್ದೆ ಬಂತು, ಎಚ್ಚರವಾಯಿತು, ಅದೇ ಕೀರ್ತನೆ ಇನ್ನೂ ನಾಲ್ಕನೆಯ ಚರಣದಲ್ಲಿತ್ತು. ಮುಚ್ಚಳದ ಸಂದಿಯಿಂದ ಲವಂಗ, ಮೆಣಸು, ಕೊಬ್ಬು ಕರಗುವ ವಾಸನೆ ಬಂದು ಉಣ್ಣೆಯ ಶಾಲಿಗೆ ಹತ್ತುತ್ತಿತ್ತು. ಎರಡನೆಯ ಮಗ್ಗುಲಿಗೆ ತಿರುವುವಾಗ ಅಮ್ಮನೂ ಸಣ್ಣಗೆ ಜೊತೆಗೂಡಿದ್ದರು, ಮುಂದೆ ಓಡಿಬಿಡದ ಹಾಗೆ ಪ್ರತಿ ಸಾಲಿನ ತುದಿಯಲ್ಲೂ ಅಜ್ಜನಿಗಾಗಿ ಕಾಯುತ್ತ.

ಹೊತ್ತು ಇಳಿಯುವ ವೇಳೆಗೆ ಇಪ್ಪತ್ತೂ ಕೀರ್ತನೆ ಆದವು. ಅಮ್ಮ ದಾರ ಬಿಚ್ಚಿ ಚಮಚದಿಂದ ಒತ್ತಿದರು. ಮಾಂಸ ತಾನಾಗಿಯೇ ಎಳೆಎಳೆಯಾಗಿ ಬಿಟ್ಟುಕೊಂಡಿತು. ಯಾರೂ ಕೆಳಗಿಳಿಯಲಿಲ್ಲ, ಅಲ್ಲೇ ಅಂಗೀಠಿಯ ಸುತ್ತ ಕೂತು, ಬ್ರೆಡ್ಡನ್ನು ಆ ರಸದಲ್ಲಿ ಅದ್ದಿ ತಿಂದೆವು. ನಾನು ಅಜ್ಜನ ತಾಟನ್ನೇ ನೋಡುತ್ತಿದ್ದೆ. ಅದು ಖಾಲಿಯಾಯಿತು. ಅಜ್ಜ ಅದನ್ನು ಅಮ್ಮನ ಕಡೆ ಚಾಚಿ, "ಇನ್ನೊಂದೀಟ ಹಾಕವ್ವಾ" ಎಂದರು.

ಈಗ ನಾನು ರೋಸ್ಟ್ ಮಾಡುವುದು ಓವನ್ನಿನಲ್ಲಿ. ಅದರ ಹೊತ್ತು ಅದಕ್ಕೇ ಗೊತ್ತು, ಆದಾಗ ಕುಯ್ ಎನ್ನುತ್ತದೆ. ಮೆತ್ತಗೇ ಆಗುತ್ತದೆ, ಇಲ್ಲ ಅನ್ನಲಾರೆ. ಆದರೆ ಅಜ್ಜನ ಬಾಯಲ್ಲಿದ್ದ ಅಷ್ಟು ಚರಣಗಳಲ್ಲಿ ನನ್ನಲ್ಲಿ ಉಳಿದಿರುವುದು ಒಂದು ಮಗ್ಗುಲಿಗೂ ಸಾಲದು. ಕೇಳಿ ಬರೆದುಕೊಳ್ಳಬಹುದಾಗಿತ್ತು. ಅಜ್ಜ, ಅಮ್ಮ ಇಬ್ಬರೂ ಈಗಿಲ್ಲ.

ಆ ಕ್ರಿಸ್‌ಮಸ್ಸಿನ ಬೆನ್ನಿಗೆ ಬಂದ ಹೊಸ ವರ್ಷದ ದಿನ ಅಜ್ಜ ತಾವಾಗಿಯೇ ಬೂಟು ಹಾಕಿಕೊಂಡು ನಮ್ಮ ಜೊತೆ ಆಟೋ ಹತ್ತಿ ಚರ್ಚಿಗೆ ಬಂದರು. ಅಲ್ಲಿ ಎಲ್ಲ ಹಿಂದಿಯಲ್ಲಿ. ಧಾಟಿ ಗುರುತು ಸಿಕ್ಕ ಕೂಡಲೇ ಅಜ್ಜ ಅದನ್ನು ಕನ್ನಡದಲ್ಲಿ ಎತ್ತಿಕೊಂಡರು, ತಮ್ಮದೇ ನಡಿಗೆಯಲ್ಲಿ. ಎಲ್ಲರೂ ಹಾಡಿ ಮುಗಿಸಿ ಕೂತಾಗ ಅವರೊಬ್ಬರೇ ನಿಂತು ಇನ್ನೂ ಹಾಡುತ್ತಿದ್ದರು. ಅಪ್ಪ ಅವರ ತೋಳು ಹಿಡಿದು ಜಗ್ಗಲು ಹೋದರು, ಅಮ್ಮ ಬೇಡವೆಂದು ತಡೆದರು. ಪಾದ್ರಿಗಳು ಬೈಬಲ್ಲಿನಲ್ಲಿ ಬೆರಳಿಟ್ಟುಕೊಂಡು, ಅಜ್ಜ ಮುಗಿಸುವವರೆಗೆ ಕಾದರು.