ಮಾತಾಡಿಸಿದರೂ ಮಾತಾಡದ ದೆವ್ವ

ಬೀದರ ಜಿಲ್ಲೆಯ ಔರಾದ ತಾಲೂಕಿನಲ್ಲಿ ಜನ ದೆವ್ವವನ್ನು ಕಂಡರೆ ಕ್ಷೇಮಸಮಾಚಾರ ಕೇಳುತ್ತಾರೆ ಎಂಬುದು ಎಲ್ಲರೂ ಗಂಭೀರವಾಗಿ ಯೋಚಿಸಬೇಕಾದ ವಿಷಯ. ಯಾರೂ ಯೋಚಿಸಿಲ್ಲ. ಹೀಗಾಗಿ ಅದೇ ತಾಲೂಕಿನ ಚಿಂತಾಕಿಯ ಕಾಂತಾಬಾಯಿ ಒಬ್ಬರೇ ಯೋಚಿಸಬೇಕಾಯಿತು.

ಸೋಮವಾರ, ಬೆಳಕು ಹರಿಯುವ ಹೊತ್ತು. ಕಾಂತಾಬಾಯಿ ತಮ್ಮ ಓಣಿಯ ಒಂದು ಬಾಗಿಲಲ್ಲಿ ನಿಂತಿದ್ದಾರೆ. "ನಿನ್ನಿ ನೀವು ಮಾತಾಡಿಸಿದ್ರಿ, ನಾ ಸುಮ್ನಿದ್ದೆ. ಮನಸಿಗಿ ಹಚ್ಕೋಬ್ಯಾಡ್ರಿ. ನಾ ಆರಾಮ ಇದ್ದೇನಿ. ನೀವು?" ಒಳಗಿನಿಂದ ಚಹಾ ಬರುತ್ತದೆ. ಕುಡಿದು ಮುಂದಿನ ಮನೆಗೆ ಹೋಗುತ್ತಾರೆ. ಸಂಜೆ ನುಂಗಿಕೊಂಡ ಉತ್ತರಗಳನ್ನು ಮುಂಜಾನೆ ಮನೆಮನೆಗೆ ಮುಟ್ಟಿಸುವುದೂ ಈಗ ಅವರ ನೌಕರಿಯ ಭಾಗ. ಅದಕ್ಕೆ ಪಗಾರವಿಲ್ಲ.

ನೌಕರಿ ದೆವ್ವದ್ದು. ಊರೂರು ತಿರುಗುವ ಕುತುಬೋದ್ದೀನರ ನುಮಾಯಿಷಿನಲ್ಲಿ, ಅಂದರೆ ವಸ್ತುಪ್ರದರ್ಶನದಲ್ಲಿ, 'ಭೂತದ ಜಹಾಜು' ಎಂಬುದೊಂದಿದೆ. ಸಮುದ್ರವಿಲ್ಲದ ಜಿಲ್ಲೆಗೆ ಅದು ಲಾರಿಯ ಮೇಲೆ ಬರುತ್ತದೆ. ಮೂತಿ ಗುಜರಿಗೆ ಬಿದ್ದ ನಿಜವಾದ ಹಡಗಿನದು. ಉಳಿದದ್ದು ತಗಡು, ಪ್ಲೈವುಡ್ಡು. ಬೀದರ ಪಕ್ಕದ ಕೊಳಾರದ ಗೋದಾಮಿನಲ್ಲಿ ಡಬ್ಬಿ ಕಟ್ಟುತ್ತಿದ್ದ ಕಾಂತಾಬಾಯಿ ನಡು ಹಿಡಿದ ಮೇಲೆ ಇಲ್ಲಿ ಪರದೆ ಹೊಲಿಯಲು ಬಂದರು. ಮುಳುಗಿ ಸತ್ತ ಕಪ್ತಾನನ ಹೆಂಡತಿಯ ದೆವ್ವವಾಗುತ್ತಿದ್ದ ಹುಡುಗಿ ಮದುವೆಯಾಗಿ ಹೋದಾಗ ಪಾತ್ರ ಇವರ ಪಾಲಿಗೆ ಬಂತು. ದಿನಕ್ಕೆ ನಾನೂರು ಜನರಾದರೂ ಜಹಾಜಿನೊಳಗಿನ ಆ ದೆವ್ವದ ಕ್ಯಾಬಿನ್ ದಾಟುತ್ತಾರೆ. ಪ್ರತಿ ಗುಂಪಿಗೂ ತಲೆಗೆ ನೀರು ಸುರಿದುಕೊಂಡು ಪೆಟ್ಟಿಗೆಯೊಳಗಿಂದ ಏಳಬೇಕು.

"ಭೂತ ಓಡಬಾರ್ದ್ರಿ. ಓಡಿದ್ರ ಮಂದಿ ಕಳ್ಳಿ ಅಂತ ಹಿಡೀತಾರ. ಸಾವಕಾಶ ಏಳಬೇಕು. ನಡುನೋವು ಅಲ್ಲೇ ಉಪಯೋಗಕ್ಕ ಬರ್ತದ," ಎನ್ನುತ್ತಾರೆ ಕಾಂತಾಬಾಯಿ.

ಬೀದರದಲ್ಲಿ ಜನ ಚೀರಿದರು, ಭಾಲ್ಕಿಯಲ್ಲೂ ಚೀರಿದರು. ಔರಾದದಲ್ಲಿ, "ಕಾಂತಾಬಾಯಿ, ನಡು ಹ್ಯಾಂಗದರಿ ಈಗ?" ಎಂದರು. ಕೇಳಿದವರಿಗೆ ಹೇಳದಿರುವುದುಂಟೆ? "ಎಣ್ಣಿ ಹಚ್ಚೇನ್ರಿ, ಜರಾ ಕಡಿಮಿ ಅದ," ಎಂದಿತು ದೆವ್ವ. ಹಿಂದಿನ ಸಾಲೆಲ್ಲ ನಕ್ಕಿತು.

ಕುತುಬೋದ್ದೀನರು ನಗಲಿಲ್ಲ. "ಮಂದಿ ನಕ್ಕೋತ ಹೊರಗ ಬಂದ್ರ ಟಿಕೇಟು ಯಾರ ತಗೋತಾರ ಬಾಯಿ? ಐತಾರತನಾ ನೋಡ್ತೇನಿ. ಆಮ್ಯಾಲ ಹೈದರಾಬಾದಿಂದ ಮಷೀನಿನ ಬೊಂಬಿ ತರಸ್ತೇನಿ. ಅದು ನಡುನೋವು ಅನ್ನಲ್ಲ."

ಮರುದಿನ ಸಂಜೆ ಮೈದುನನ ಹೆಂಡತಿ ಮಹಾಮಾಯಾ ಕ್ಯಾಬಿನ್ನಿಗೆ ಬಂದಳು.

"ಜೈಭೀಮ, ಅಕ್ಕಾ."

ಕಾಂತಾಬಾಯಿ ಬಾಯಿ ಬಿಡಲಿಲ್ಲ.

"ಅಕ್ಕಾ, ಜೈಭೀಮ ಅಂದೆ."

ಹಸಿ ಕೂದಲ ಸಂದಿಯಿಂದ ಸುಮ್ಮನೆ ನೋಡಿದರು. ಜೈಭೀಮ ಅಂದವರಿಗೆ ಜೈಭೀಮ ಅನ್ನದ ಹೆಂಗಸು ಆ ಓಣಿಯಲ್ಲಿ ಹುಟ್ಟಿಲ್ಲ. ಅಂಥವಳು ಎದುರಿಗೆ ನಿಂತಿದ್ದಾಳೆಂದರೆ ಆಕೆ ಬದುಕಿಲ್ಲ ಎಂದೇ ಅರ್ಥ. ಮಹಾಮಾಯಾ ಚೀರಿದ್ದು ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿತು. ಹಿಂದಿನವರು ಏನೆಂದು ಕೇಳದೆ ಚೀರಿ ಓಡಿದರು.

ಅಂದಿನಿಂದ, ಮುಂಜಾನೆ ಚಹಾ ಕೊಟ್ಟವರೇ ಸಂಜೆ ಟಿಕೇಟು ತೆಗೆದುಕೊಂಡು ಬಂದು ಚೀರಿದ್ದಾರೆ. "ನಾನೇ ಅಂತ ಗೊತ್ತದರಿ ಅವ್ರಿಗಿ. ಆದ್ರೂ ನಾ ಮಾತಾಡ್ಲಿಲ್ಲಂದ್ರ ಎದಿ ಝಲ್ ಅಂತದಂತ," ಎನ್ನುವಾಗ ಕಾಂತಾಬಾಯಿ ಸೆರಗು ಸರಿಮಾಡಿಕೊಳ್ಳುತ್ತಾರೆ.

ಕೊನೆಯ ಮನೆ ಮಹಾಮಾಯಾಳದು. ಬಾಗಿಲು ಮುಚ್ಚಿದೆ. "ಜೈಭೀಮ, ತಂಗಿ," ಎಂದು ತುಸು ಹೊತ್ತು ಕಾಯುತ್ತಾರೆ. ಒಳಗೆ ಪಾತ್ರೆ ಸದ್ದು. "ಆಕಿ ಸಿಟ್ಟು ಖರೇನ ಅದರಿ. ಆಕಿ ಒಮ್ಮಿ 'ಅಕ್ಕಾ' ಅಂದ್ರ ಸಾಕು, ಬ್ಯಾರೆ ಏನೂ ಬ್ಯಾಡ."

ನಿನ್ನೆ ಭಾನುವಾರಕ್ಕೆ ಔರಾದದ ಆಟ ಮುಗಿದಿದೆ. ಬೊಂಬೆ ಬರಲಿಲ್ಲ. ದೆವ್ವದ ಕೆಲಸ ಕಾಂತಾಬಾಯಿಗೇ ಉಳಿದಿದೆ. ಮಹಾಮಾಯಾ ಮಾತಾಡಿಲ್ಲ.